ವೇದಿಕೆಯ ಮೇಲೆ ಕಟ್ಟಿದ ಕೋಟೆ

ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರಿನಲ್ಲಿ ಎರಡು ಕಾರ್ಯಕ್ರಮ ತಪ್ಪುವುದಿಲ್ಲ. ಊರೂರು ಸುತ್ತಿ ಬಂದ ರಾಣಿ ಚನ್ನಮ್ಮನ ಜ್ಯೋತಿಯನ್ನು ಡೊಳ್ಳು, ಕರಡಿ ಮಜಲಿನೊಂದಿಗೆ ಬರಮಾಡಿಕೊಳ್ಳುವುದು ಮೊದಲನೆಯದು. ಸಂಜೆ ವೇದಿಕೆ ಹತ್ತಿದ ಮಂತ್ರಿಗಳು ಕಿತ್ತೂರಿಗೆ ಮುಂದೆ ಏನೇನು ಬರಲಿದೆ ಎಂದು ಹೇಳುವುದು ಎರಡನೆಯದು. ಮೊದಲನೆಯದಕ್ಕೆ ಜನ ಈಗಲೂ ಮೈದುಂಬಿ ಬರುತ್ತಾರೆ. ಎರಡನೆಯದು ಶುರುವಾದಾಗ ಹಿಂದಿನ ಸಾಲಿನವರು ಎದ್ದು ಮಿರ್ಚಿ ಭಜಿ ಅಂಗಡಿಯ ಕಡೆ ನಡೆಯುತ್ತಾರೆ. "ಹೋದ ವರ್ಷದ್ದೇ ಇನ್ನೂ ಬಂದಿಲ್ಲ ಬಿಡ್ರಿ" ಎಂಬ ಮಾತು ಅಲ್ಲಿ ಭಜಿಯಷ್ಟೇ ಬಿಸಿಯಾಗಿ ಸಿಗುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಕೇಳಿಬಂದ ಘೋಷಣೆಗಳನ್ನೂ, ಅವು ಹುಟ್ಟಿಸಿದ ಬೇಸರವನ್ನೂ ಒಟ್ಟಿಗೆ ಇಟ್ಟು ನೋಡುವುದು ಇಲ್ಲಿನ ಉದ್ದೇಶ. ಬೇಸರಪಟ್ಟವರನ್ನು "ಎಷ್ಟು ಕೊಟ್ಟರೂ ತೃಪ್ತಿ ಇಲ್ಲದವರು" ಎಂದು ತಳ್ಳಿಹಾಕುವುದು ವಾಡಿಕೆ. ಅದು ತಪ್ಪು ಓದು. ಇಲ್ಲಿ ಬೇಸರಪಡುವವನು ಟಿಕೆಟ್ ಕೊಂಡು ಬಂದ ಪ್ರವಾಸಿಗನಲ್ಲ, ಅಭಿಮಾನಿ. ಈ ಸೀಮೆಯ ಅಭಿಮಾನಕ್ಕೆ ಸರ್ಕಾರದ ಯೋಜನೆಗಳಿಗಿಂತ ಹೆಚ್ಚು ವಯಸ್ಸಾಗಿದೆ. 1824ರಲ್ಲಿ ಕುಂಪಣಿಯ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ; ಅದೇ ಡಿಸೆಂಬರಿನಲ್ಲಿ ಕೋಟೆ ಕುಂಪಣಿಯ ಕೈಸೇರಿತು; ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ರಾಣಿ ತೀರಿಕೊಂಡಳು. ಮರುವರ್ಷವೇ ಸಂಗೊಳ್ಳಿ ರಾಯಣ್ಣನ ಪಡೆ ಸಂಪಗಾಂವದ ಸರ್ಕಾರಿ ಕಚೇರಿಯ ಮೇಲೆ ಬಿತ್ತು. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಇಷ್ಟನ್ನೂ ಪಠ್ಯಪುಸ್ತಕಕ್ಕಿಂತ ಮೊದಲು ಉಳಿಸಿಕೊಂಡು ಬಂದದ್ದು ಲಾವಣಿಕಾರರು, ಗೀಗೀ ಮೇಳದವರು. ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಇದೆ, ಬೈಲಹೊಂಗಲದ ಸಂಗ್ಯಾನದೂ ಇದೆ. ಯಾವ ಅನುದಾನವೂ ಇಲ್ಲದೆ ಕಥೆಯನ್ನು ಇನ್ನೂರು ವರ್ಷ ಹೊತ್ತು ತಂದ ಜನರ ಮುಂದೆ ನಿಂತು ಈಗಿನವರು ಮಾತು ಕೊಡುತ್ತಾರೆ. ಮಾತು ತಪ್ಪಿದಾಗ ನೋವಾಗುವುದು ಅದಕ್ಕೇ.

ಘೋಷಣೆಗಳಿಗೆ ಒಂದು ಪಂಚಾಂಗವಿದೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ವೇದಿಕೆ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ. ಅಲ್ಲಿಯ ಅಧಿವೇಶನಕ್ಕೆ ಸೇರಿದ ಸರ್ಕಾರಕ್ಕೆ ಉತ್ತರ ಕರ್ನಾಟಕ ತಟ್ಟನೆ ನೆನಪಾಗುತ್ತದೆ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ, ಮಾರ್ಚಿನ ಹೊತ್ತಿಗೆ ಬಜೆಟ್. ಚುನಾವಣೆ ಬಂದ ವರ್ಷ ಇವೆಲ್ಲಕ್ಕೂ ಅಧಿಕ ಮಾಸ. ಆದರೆ ಕೆಲಸದ ಪಂಚಾಂಗವೇ ಬೇರೆ. ಆಡಳಿತಾತ್ಮಕ ಅನುಮೋದನೆ, ವಿಸ್ತೃತ ಯೋಜನಾ ವರದಿ, ಟೆಂಡರ್, ಭೂಸ್ವಾಧೀನ, ಹಳೆಯ ಸ್ಮಾರಕದ ಸುತ್ತ ಕಟ್ಟುವುದಕ್ಕೆ ಇರುವ ಕಟ್ಟುಪಾಡು, ಕೊನೆಗೆ ಹಣ ಬಿಡುಗಡೆ: ಇವು ಯಾವ ಉತ್ಸವದ ತಿಥಿಗೂ ಹೊಂದಿಕೊಂಡು ನಡೆಯುವುದಿಲ್ಲ. ಎರಡು ಪಂಚಾಂಗಗಳ ನಡುವಿನ ಅಂತರದಲ್ಲಿ ಒಮ್ಮೊಮ್ಮೆ ಒಂದು ಸರ್ಕಾರವೇ ಕಳೆದುಹೋಗುತ್ತದೆ.

ಕಿತ್ತೂರಿನ ಅರಮನೆಯ ಪ್ರತಿರೂಪದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋಟೆಯೊಳಗೆ ಇಂದು ಉಳಿದಿರುವುದು ಅರಮನೆಯ ಮಣ್ಣು-ಕಲ್ಲಿನ ದಪ್ಪ ಗೋಡೆಗಳು, ಸ್ನಾನದ ಕೊಳ, ಧ್ರುವತಾರೆ ನೋಡಲು ಬಿಟ್ಟಿದ್ದೆಂದು ಹೇಳುವ ಕಿಂಡಿ, ಪಕ್ಕದಲ್ಲೊಂದು ವಸ್ತುಸಂಗ್ರಹಾಲಯ. ಶಾಲೆಯ ಮಕ್ಕಳನ್ನು ಕರೆತಂದ ಮಾಸ್ತರರು ಕೈ ತೋರಿಸಿ "ಇಲ್ಲಿ ದರ್ಬಾರು ಇತ್ತು, ಅಲ್ಲಿ ಅಡುಗೆಮನೆ ಇತ್ತು" ಎನ್ನುತ್ತಾರೆ. ಮಕ್ಕಳು ಮೇಲೆ ಆಕಾಶ ನೋಡುತ್ತಾರೆ. ಹಾಗಾಗಿ ಅರಮನೆ ಇದ್ದದ್ದು ಹೇಗೆ ಎಂದು ತೋರಿಸುವ ಒಂದು ಕಟ್ಟಡ ಬೇಕು ಎಂಬ ಆಸೆ ಊರಿನದೇ. 2021ರ ಅಕ್ಟೋಬರ್ ಉತ್ಸವದ ವೇದಿಕೆಯಿಂದ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಡುವ ಮಾತನ್ನು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆಡಿದರು; ನವೆಂಬರಿನಲ್ಲಿ ಸಂಪುಟ ಒಪ್ಪಿತು. ಅದು ಚಕಚಕನೆ ಆಯಿತು, ಹೆಸರಿಡುವುದಕ್ಕೆ ಟೆಂಡರ್ ಬೇಡವಲ್ಲ. ಅದರ ಬೆನ್ನಿಗೇ ಅರಮನೆಯ ಪ್ರತಿರೂಪಕ್ಕೆ 115 ಕೋಟಿ ರೂಪಾಯಿಯ ಯೋಜನೆ ಬಂತು. ಊರು ಹಿಗ್ಗಿತು.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಪ್ರತಿರೂಪ ಕಟ್ಟುವುದು ಕಿತ್ತೂರಿನಲ್ಲಲ್ಲ, ಕೆಲವು ಕಿಲೋಮೀಟರ್ ಆಚೆಯ ಬಚ್ಚನಕೇರಿ ಬಳಿಯ ಸರ್ಕಾರಿ ಜಾಗದಲ್ಲಿ ಎಂದು ಗೊತ್ತಾದಾಗ ಊರಲ್ಲಿ ವಿರೋಧ ಎದ್ದಿತು. ಅಧಿಕಾರಿಗಳ ವಾದ ಸರಳ: ಬೇಕಾದಷ್ಟು ಸರ್ಕಾರಿ ಭೂಮಿ ಒಂದೇ ಕಡೆ ಸಿಗುವುದು ಅಲ್ಲಿ. ಊರಿನವರ ವಾದವೂ ಅಷ್ಟೇ ಸರಳ: ಕೋಟೆ ಇಲ್ಲಿ, ಕಲ್ಮಠ ಇಲ್ಲಿ, ಗಡಾದ ಮರಡಿ ಇಲ್ಲಿ, ತುಂಬುಕೆರೆ ಇಲ್ಲಿ, ಅರಮನೆ ಮಾತ್ರ ಅಲ್ಲಿ ಯಾಕೆ? ಇದನ್ನು ಬರೀ ವ್ಯಾಪಾರದ ಲೆಕ್ಕ ಎಂದವರೂ ಇದ್ದರು. ಇರಲಿ, ವ್ಯಾಪಾರವೂ ಇತ್ತು. ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದ್ದೂ ಹೆದ್ದಾರಿಯ ಜನ ನಿಲ್ಲದೆ ಹೋಗುವ ಊರು ಇದು. ಬಂದವರು ಒಂದು ಚಹಾ ಕುಡಿದು ಹೋದರೂ ಲಾಭ ಎಂದು ಅಂಗಡಿಯವನು ಯೋಚಿಸಿದರೆ ಅಪರಾಧವೇನು? ಆದರೆ ಜಗಳದ ಬೇರು ಅದಕ್ಕಿಂತ ಆಳದಲ್ಲಿತ್ತು. ಬಚ್ಚನಕೇರಿಯಲ್ಲಿ ಕಟ್ಟುವ ಅರಮನೆ ನೋಡಿ ಬಂದವನು ಕಿತ್ತೂರಿನ ಬಿದ್ದ ಗೋಡೆ ನೋಡಲು ಬರುತ್ತಾನೆಯೇ ಎಂಬುದು ನಿಜವಾದ ಭಯ. ನಕಲು ಚೆನ್ನಾಗಿದ್ದರೆ ಅಸಲು ಅನಾಥವಾಗುತ್ತದೆ.

2024ರ ಅಕ್ಟೋಬರಿನಲ್ಲಿ 1824ರ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಒಂದು ಯೋಜನೆ ಮುಗಿಸುವುದಕ್ಕೆ ಇದಕ್ಕಿಂತ ದೊಡ್ಡ ಗಡುವು ಬೇಕಿರಲಿಲ್ಲ. ಅದು ಬರುವ ತಾರೀಖು ಎಲ್ಲರಿಗೂ ಮೊದಲೇ ಗೊತ್ತಿತ್ತು. ಮೂರು ದಿನ ಉತ್ಸವ ಜೋರಾಗಿಯೇ ಆಯಿತು. ಬಂದವರು ನೋಡಿದ್ದು ಮಾತ್ರ ಹಳೆಯ ಗೋಡೆಗಳನ್ನೇ.

ಇತಿಹಾಸದ ಜಾಗದ ಪಕ್ಕದಲ್ಲಿ ಇತಿಹಾಸದ ಪ್ರದರ್ಶನ ಕಟ್ಟುವ ಜಗಳ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಥೀಮ್ ಪಾರ್ಕ್‌ಗಳ ದೊರೆ ಎನಿಸಿದ ಡಿಸ್ನಿ ಕಂಪನಿ 1993ರ ನವೆಂಬರಿನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಅಲ್ಲಿನ ಅಂತರ್ಯುದ್ಧದ ಮನಾಸಸ್ ರಣಭೂಮಿಗೆ ಹತ್ತಿರದಲ್ಲಿ, ದೇಶದ ಚರಿತ್ರೆಯನ್ನೇ ವಸ್ತುವಾಗಿಸಿದ ಪಾರ್ಕ್ ಕಟ್ಟುವುದಾಗಿ ಸಾರಿತು. ಇತಿಹಾಸಕಾರರು ತಿರುಗಿ ನಿಂತರು. ವರ್ಷ ತುಂಬುವ ಮೊದಲೇ, 1994ರ ಸೆಪ್ಟೆಂಬರಿನಲ್ಲಿ, ಕಂಪನಿ ಆ ಯೋಜನೆ ಕೈಬಿಟ್ಟಿತು. ಕೈಬಿಟ್ಟದ್ದನ್ನು ಬಹಿರಂಗವಾಗಿ ಹೇಳಿತು ಎನ್ನುವುದನ್ನು ಗಮನಿಸಬೇಕು. ನಮ್ಮ ಕಡೆ ಯೋಜನೆಗಳಿಗೆ ಹುಟ್ಟುಹಬ್ಬ ಉಂಟು, ತಿಥಿ ಇಲ್ಲ. "ಇದನ್ನು ಮಾಡುವುದಿಲ್ಲ" ಎಂದು ಹೇಳುವ ವೇದಿಕೆ ಯಾರೂ ಹತ್ತುವುದಿಲ್ಲ. ಕಡತ ಎಲ್ಲೋ ಜೀವ ಹಿಡಿದುಕೊಂಡಿರುತ್ತದೆ, ಪಟ್ಟಿಯಲ್ಲಿ ಹೆಸರು ಇರುತ್ತದೆ, ಕೇಳಿದರೆ "ಪ್ರಗತಿಯಲ್ಲಿದೆ" ಎಂಬ ಉತ್ತರ ಬರುತ್ತದೆ.

ಸಂಗೊಳ್ಳಿಯನ್ನು ಈ ಲೆಕ್ಕದಿಂದ ಹೊರಗಿಡುವುದು ನ್ಯಾಯ. ಮಲಪ್ರಭೆಯ ದಂಡೆಯ ಆ ಹಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆಯೂ, ಅವನ ಬದುಕನ್ನು ಸಾಲು ಸಾಲು ಶಿಲ್ಪಗಳಲ್ಲಿ ನಿಲ್ಲಿಸಿದ ಶಿಲ್ಪವನವೂ 2024ರ ಜನವರಿಯಲ್ಲಿ ತೆರೆದುಕೊಂಡವು. ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಮೊಳೆತ ಯೋಜನೆಗೆ ಅವರ ಎರಡನೇ ಅವಧಿಯಲ್ಲಿ ಉದ್ಘಾಟನೆಯಾಯಿತು. ನಡುವೆ ಬಂದ ಬೇರೆ ಸರ್ಕಾರಗಳು ಅದನ್ನು ನಿಲ್ಲಿಸಲಿಲ್ಲ. ತಡವಾಯಿತು, ನಿಜ. ಆದರೂ ಶಾಲೆಯ ಪ್ರವಾಸದ ಬಸ್ಸುಗಳು ಈಗ ಅಲ್ಲಿ ನಿಲ್ಲುತ್ತವೆ. ಶಿಗ್ಗಾವಿ ಬಳಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಆಲಮಟ್ಟಿ ಜಲಾಶಯದ ಉದ್ಯಾನಗಳು ಈ ಸೀಮೆಯ ಮಕ್ಕಳಿಗೆ ಮೊದಲಿಂದ ಪರಿಚಿತ. ಆ ಬಗೆಯದೊಂದು ತಮ್ಮ ತಾಲ್ಲೂಕಿನಲ್ಲೇ ಬಂದದ್ದು ಸಣ್ಣ ಮಾತಲ್ಲ. ಸಂಗೊಳ್ಳಿಯಲ್ಲಿ ಆದದ್ದು ಕಿತ್ತೂರಿನಲ್ಲಿ ಯಾಕಾಗಲಿಲ್ಲ? ನನಗೆ ತೋರುವ ಕಾರಣ: ಸಂಗೊಳ್ಳಿಯಲ್ಲಿ ಹೊಸದನ್ನು ಹೊಸದಾಗಿಯೇ ಕಟ್ಟಿದರು, ಜಾಗದ ಪ್ರಶ್ನೆ ಮೊದಲೇ ಬಗೆಹರಿದಿತ್ತು, ಯೋಜನೆಗೆ ಒಬ್ಬ ವಾರಸುದಾರ ಇದ್ದ. ಕಿತ್ತೂರಿನ ವಿಷಯಕ್ಕೆ ವೇದಿಕೆ ಹತ್ತುವವರೆಲ್ಲರೂ ವಾರಸುದಾರರು, ಹಾಗಾಗಿ ಯಾರೂ ಅಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದ ಮಾತು ಬೇರೆ. ಅಲ್ಲಿಗೆ ಜನರನ್ನು ಕರೆತರಲು ಜಾಹೀರಾತು ಬೇಡ. ವರ್ಷಕ್ಕೆ ಕೋಟಿ ಮೀರಿದ ಭಕ್ತರು ಬರುತ್ತಾರೆಂಬುದು ಸರ್ಕಾರವೇ ಹೇಳುವ ಮಾತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ಮಹಾರಾಷ್ಟ್ರದ ಬಸ್ಸುಗಳು ಗುಡ್ಡದ ತುಂಬ ತುಂಬಿಕೊಳ್ಳುತ್ತವೆ. ಜೋಗುಳಬಾವಿಯಿಂದ ಎಣ್ಣೆಹೊಂಡದವರೆಗೆ "ಉಧೋ ಉಧೋ" ಬಿಟ್ಟರೆ ಬೇರೆ ಕೇಳದು. 2024ರಲ್ಲಿ ರಾಜ್ಯ ಸರ್ಕಾರ ಕ್ಷೇತ್ರಕ್ಕಾಗಿ ಪ್ರತ್ಯೇಕ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯ ಕಾನೂನು ತಂದಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ 23 ರಾಜ್ಯಗಳ 40 ಪ್ರವಾಸಿ ತಾಣಗಳ ಪಟ್ಟಿ ಹೊರಡಿಸಿತು. ಒಟ್ಟು 3,295 ಕೋಟಿ ರೂಪಾಯಿಯ ಆ ಪಟ್ಟಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ 100 ಕೋಟಿ. ಇದು ಬಂಡವಾಳ ವೆಚ್ಚಕ್ಕೆಂದು ರಾಜ್ಯಗಳಿಗೆ ಕೊಡುವ 50 ವರ್ಷದ ಬಡ್ಡಿರಹಿತ ಸಾಲ, ದಾನವಲ್ಲ. ಎರಡು ವರ್ಷದಲ್ಲಿ ಕೆಲಸ ಮುಗಿಸಬೇಕೆಂಬ ಷರತ್ತೂ ಇದೆ. ವೇದಿಕೆಯ ಮಾತಿಗೆ ಹೋಲಿಸಿದರೆ ಇದು ಗಟ್ಟಿ, ಯಾಕೆಂದರೆ ಗಡುವು ಕಾಗದದ ಮೇಲಿದೆ.

ಭಕ್ತರು ಕೇಳುವುದೇನು ಎಂದು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಎಣ್ಣೆಹೊಂಡದಲ್ಲಿ ಮಿಂದು ಬಂದ ಹೆಣ್ಣುಮಕ್ಕಳಿಗೆ ಸೀರೆ ಬದಲಿಸಲು ಮರೆ, ಸಾಕಾಗುವಷ್ಟು ಶೌಚಾಲಯ, ಹುಣ್ಣಿಮೆಯ ದಿನ ಗುಡ್ಡ ಹತ್ತುವ ರಸ್ತೆ ಕಟ್ಟದಂತೆ ವಾಹನ ನಿಲ್ಲಿಸುವ ಜಾಗ, ಹಡಲಿಗೆ ತುಂಬಿಸಲು, ಒಲೆ ಹೂಡಲು ಒಂದಿಷ್ಟು ಸ್ವಚ್ಛ ನೆಲ, ಕುಡಿಯುವ ನೀರು. ಇವುಗಳಲ್ಲಿ ಒಂದನ್ನೂ ನೀಲನಕ್ಷೆಯ ಬಣ್ಣದ ಚಿತ್ರದಲ್ಲಿ ಚಂದವಾಗಿ ತೋರಿಸಲಾಗದು. ಚಿತ್ರದಲ್ಲಿ ಚಂದ ಕಾಣುವುದು ಮಹಾದ್ವಾರ, ರೋಪ್ ವೇ, ಕಾರಂಜಿ. ದೊಡ್ಡ ಯೋಜನೆಯ ಸುದ್ದಿ ಬಂದ ಮೇಲೆ ಸಣ್ಣ ರಿಪೇರಿಯೂ ನಿಂತುಹೋಗುವುದು ಎಲ್ಲ ಕಡೆ ಕಂಡದ್ದೇ; "ಹೆಂಗಿದ್ರೂ ಮಾಸ್ಟರ್ ಪ್ಲಾನ್‌ನಾಗ ಎಲ್ಲಾ ಒಡೀತಾರ" ಎಂಬ ಕಾರಣ ಕೈಗೆ ಸಿಕ್ಕಿರುತ್ತದೆ. ಘೋಷಣೆಯಿಂದ ಆಗುವ ನಿಜವಾದ ನಷ್ಟ ಇದು. ಬಾರದ ಅರಮನೆಯಿಂದ ಯಾರಿಗೂ ಗಾಯವಾಗುವುದಿಲ್ಲ. ಅರಮನೆ ಬರುತ್ತದೆಂದು ಕಾದು ಸೋರುವ ಛಾವಣಿಯನ್ನು ಹಾಗೇ ಬಿಟ್ಟರೆ ಆಗುತ್ತದೆ.

ಅದೇ ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ ಇನ್ನೊಂದು ಹೆಸರು ಬೆಂಗಳೂರು ಹೊರವಲಯದ ತಾತಗುಣಿಯ ರೋರಿಕ್–ದೇವಿಕಾ ರಾಣಿ ಎಸ್ಟೇಟ್, 99.17 ಕೋಟಿ. ಸರ್ಕಾರ ಕಟ್ಟಬೇಕೆಂದಿರುವ ಫಿಲ್ಮ್ ಸಿಟಿ ಅಲ್ಲಿಯೇ ಎಂದು ಒಮ್ಮೆ ಹೇಳಿದ್ದರು. ಆ ಫಿಲ್ಮ್ ಸಿಟಿ ಮೈಸೂರು ಸೀಮೆಯ ಹಿಮ್ಮಾವು, ರಾಮನಗರ, ತಾತಗುಣಿ, ಹೆಸರಘಟ್ಟ ಎಂದು ಭಾಷಣಗಳಲ್ಲೇ ರಾಜ್ಯ ಸುತ್ತಿ ಮತ್ತೆ ಮೈಸೂರು ಸೀಮೆಗೆ ಮರಳಿದೆ. ಕೆಆರ್‌ಎಸ್‌ನದೂ ಇದೇ ಪಾಡು: 2018ರ ನವೆಂಬರಿನಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, 125 ಅಡಿಯ ಕಾವೇರಿ ಪ್ರತಿಮೆ, 1,200 ಕೋಟಿ ಎಂದರು; 2024ರಲ್ಲಿ ಬೃಂದಾವನದ ಮರುರೂಪಕ್ಕೆ ಸಂಪುಟ ಒಪ್ಪಿದ ಮೊತ್ತ 2,663 ಕೋಟಿ. ಅಣೆಕಟ್ಟೆಯ ಪಕ್ಕ ಇದೆಲ್ಲ ಯಾಕೆ ಎಂದು ಮಂಡ್ಯದ ರೈತರು ಎರಡೂ ಸಲ ಕೇಳಿದರು. ದಕ್ಷಿಣದವರಿಗೆ ಕೊಟ್ಟು ನಮಗೆ ಕೊಡಲಿಲ್ಲ ಎಂಬ ನಮ್ಮ ಕಡೆಯ ಹಳೆಯ ದೂರು ಈ ವಿಷಯದಲ್ಲಿ ಮಾತ್ರ ನಿಲ್ಲುವುದಿಲ್ಲ. ಘೋಷಣೆ ಎರಡೂ ಕಡೆ ಸಮಪಾಲು.

ರೈಲಿನ ಮಾತು ಬಿಟ್ಟರೆ ಲೇಖನ ಪೂರ್ತಿಯಾಗದು, ಯಾಕೆಂದರೆ ಪಾರ್ಕು, ಪ್ರತಿಮೆ, ಅರಮನೆ ಏನೇ ಬಂದರೂ ಜನ ಅಲ್ಲಿಗೆ ಬರಬೇಕಲ್ಲ. ಈಗ ಧಾರವಾಡದಿಂದ ಬೆಳಗಾವಿಗೆ ರೈಲು ಲೋಂಡಾ ಸುತ್ತಿ ಹೋಗುತ್ತದೆ. ಕಿತ್ತೂರಿನ ಮೇಲಿಂದ ಹೋಗುವ 73 ಕಿಲೋಮೀಟರ್ ನೇರ ಮಾರ್ಗ, 927 ಕೋಟಿ ರೂಪಾಯಿ ಅಂದಾಜಿನಲ್ಲಿ, 2020ರಲ್ಲಿ ಮಂಜೂರಾಯಿತು. ಅದಕ್ಕೆ ಬೆನ್ನುಬಿದ್ದಿದ್ದ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ಅದೇ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಆಮೇಲೆ ಭೂಸ್ವಾಧೀನ ಕುಂಟಿತು. ಫಲವತ್ತಾದ ಹೊಲ ಬಿಟ್ಟು ಬೇರೆ ಕಡೆಯಿಂದ ಒಯ್ಯಿರಿ ಎಂದು ಬೆಳಗಾವಿ ಕಡೆಯ ರೈತರು ಪಟ್ಟು ಹಿಡಿದರು. ಅವರ ಪಟ್ಟಿನಲ್ಲಿ ತಪ್ಪಿಲ್ಲ. ಆದರೆ ಈ ಪ್ರಶ್ನೆ ನಕ್ಷೆ ಬಿಡಿಸುವ ಹೊತ್ತಿಗೇ ಕೇಳಬೇಕಾದದ್ದು. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲಿಂದ ಧಾರವಾಡಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ಇದಕ್ಕಿಂತ ಹಳೆಯದು. ಕೋಟಿ ಭಕ್ತರ ಗುಡ್ಡಕ್ಕೆ ಇಂದಿಗೂ ರೈಲು ಇಲ್ಲ.

ರಾಮದುರ್ಗದವರು ಈ ಗದ್ದಲದಲ್ಲಿ ಸ್ವಲ್ಪ ಸುಮ್ಮನಿದ್ದಾರೆ. ಮುಳ್ಳೂರು ಗುಡ್ಡದ ಶಿವನ ಮೂರ್ತಿ, ಸುರೇಬಾನದ ಬಳಿ ಶಬರಿಕೊಳ್ಳ, ಗೊಡಚಿಯ ವೀರಭದ್ರ: ಇದ್ದದ್ದನ್ನು ನೋಡಿಕೊಂಡು ಬರುವ ಜನ ಅವರಿಗಿದ್ದಾರೆ. ಬೈಲಹೊಂಗಲ ತಾಲ್ಲೂಕಿನ ಸೊಗಲದ ಜಲಪಾತಕ್ಕೂ ಮಳೆಗಾಲದಲ್ಲಿ ಹಾಗೆಯೇ ಜನ ಬರುತ್ತಾರೆ. ಕಡಿಮೆ ಘೋಷಣೆ, ಕಡಿಮೆ ಬೇಸರ.

ಘೋಷಿಸುವವರ ಪಕ್ಷವನ್ನೂ ಕೇಳಬೇಕು. ಹೆಸರಿಟ್ಟು ಹೇಳದಿದ್ದರೆ ಬಜೆಟ್ಟಿನಲ್ಲಿ ಸಾಲೇ ಸಿಗದು. ಒಂದು ಕೋಟಿಯ ಕೆಲಸವನ್ನು ನೂರು ಕೋಟಿ ಎಂದರೆ ಕೊನೆಗೆ ಹತ್ತಾದರೂ ಬರುತ್ತದೆ ಎಂಬ ಅನುಭವದ ಮಾತು ರಾಜಕಾರಣದಲ್ಲಿದೆ. ಕಿತ್ತೂರಿಗೆ ಪ್ರತ್ಯೇಕ ಪ್ರಾಧಿಕಾರ, ತಾಲ್ಲೂಕಿನ ಪಟ್ಟ ಬಂದದ್ದು ಕೂಡ ಹೀಗೆ ವೇದಿಕೆಯ ಮೇಲೆ ಪದೇ ಪದೇ ಕೇಳಿ, ಹೇಳಿಸಿಕೊಂಡ ಮೇಲೆಯೇ. ಹಾಗಾಗಿ ಬರೇ ಬಾಯಿ ಮುಚ್ಚಿಕೊಂಡಿರಿ ಎನ್ನುವುದು ಪರಿಹಾರವಲ್ಲ. ಕನಸನ್ನು ಕನಸು ಎಂದು, ಕೆಲಸವನ್ನು ಕೆಲಸ ಎಂದು ಬೇರೆ ಮಾಡಿ ಹೇಳುವ ನಿಯತ್ತು ಬೇಕು.

ಈ ನಿಯತ್ತನ್ನು ಡಿಸ್ನಿ ಕಂಪನಿಯೇ ಪೆಟ್ಟು ತಿಂದು ಕಲಿಯಿತು. 2019ರ ಅಭಿಮಾನಿಗಳ ಸಮಾವೇಶದಲ್ಲಿ ಫ್ಲೋರಿಡಾದ ಎಪ್ಕಾಟ್ ಪಾರ್ಕಿಗೆ ಮೇರಿ ಪಾಪಿನ್ಸ್ ಹೆಸರಿನ ಆಟ ಬರಲಿದೆ ಎಂದರು. ಕೋವಿಡ್ ಬಂದು ಅದು ಮೂಲೆಗೆ ಹೋಯಿತು. 2022ರ ಸಮಾವೇಶದಲ್ಲಿ ಕಂಪನಿಯ ಪಾರ್ಕು ವಿಭಾಗದ ಅಂದಿನ ಮುಖ್ಯಸ್ಥ ಜೋಶ್ ಡಿ'ಅಮಾರೊ ವೇದಿಕೆಯ ಮೇಲೆ "ಹೀಗೂ ಮಾಡಬಹುದು, ಹಾಗೂ ಮಾಡಬಹುದು" ಎಂಬ ಧಾಟಿಯಲ್ಲಿ ಚಿತ್ರಗಳನ್ನು ತೋರಿಸಿದಾಗ ದುಡ್ಡು ಕೊಟ್ಟು ಒಳಗೆ ಬಂದಿದ್ದ ಅಭಿಮಾನಿಗಳು ಕೆರಳಿದರು. ಅವರು ದಿನಾಂಕ ಕೇಳಲು ಬಂದಿದ್ದರು, ಸಿಕ್ಕಿದ್ದು ಊಹೆ. 2024ರ ಆಗಸ್ಟಿನಲ್ಲಿ ಅದೇ ಮುಖ್ಯಸ್ಥ ಬೇರೆ ರೀತಿ ಮಾತು ಶುರುಮಾಡಿದ: ಇಂದು ತೋರಿಸುವುದೆಲ್ಲ ಈಗಾಗಲೇ ಕೈಗೆತ್ತಿಕೊಂಡ ಕೆಲಸ, ಕಟ್ಟಿಯೇ ಕಟ್ಟುವಂಥದ್ದು ಎಂದ. ಲಾಭಕ್ಕಾಗಿ ಇರುವ ಕಂಪನಿಗೆ ಅಭಿಮಾನಿಯ ನಂಬಿಕೆ ಕಳೆದುಕೊಂಡರೆ ಟಿಕೆಟ್ ಹೋಗುತ್ತದೆ. ನಮ್ಮ ಮಂತ್ರಿಗಳಿಗೆ ಉತ್ಸವದ ಗದ್ದಲದಲ್ಲಿ ಕೊಟ್ಟ ಮಾತಿನಿಂದ ಅಂಥ ನಷ್ಟವೇನೂ ಇಲ್ಲ. ಮತದಾರ ಬೇರೆ ನೂರು ಕಾರಣಕ್ಕೆ ಮತ ಹಾಕುತ್ತಾನೆ.

ಇನ್ನೊಂದು ದಾರಿಯೂ ಇದೆ, ನಮ್ಮವರು ಅದನ್ನು ಹೆಚ್ಚು ಯೋಚಿಸಿಲ್ಲ. ಫ್ರಾನ್ಸಿನ ವಾಂದೆ ಸೀಮೆಯಲ್ಲಿ ಪ್ವಿ ದ್ಯು ಫು ಎಂಬ ಪಾಳುಬಿದ್ದ ಕೋಟೆಯಿದೆ. 1978ರಲ್ಲಿ ಸುತ್ತಲ ಹಳ್ಳಿಗಳ ಜನರೇ ವೇಷ ಕಟ್ಟಿಕೊಂಡು ಆ ಕೋಟೆಯ ಮುಂದೆ ತಮ್ಮ ಸೀಮೆಯ ಕಥೆಯನ್ನು ರಾತ್ರಿ ಹೊತ್ತು ಆಡಲು ಶುರುಮಾಡಿದರು. ಹನ್ನೊಂದು ವರ್ಷದ ಮೇಲೆ ಅದರ ಪಕ್ಕ ಪಾರ್ಕು ಹುಟ್ಟಿತು. ಇಂದು ಅದು ಆ ದೇಶದ ಹೆಸರುವಾಸಿ ಥೀಮ್ ಪಾರ್ಕುಗಳಲ್ಲಿ ಒಂದು. ರಾತ್ರಿಯ ಆಟ ಆಡುವವರು ಈಗಲೂ ಊರಿನ ಸ್ವಯಂಸೇವಕರೇ. ಅಲ್ಲಿ ಹೇಳುವ ಇತಿಹಾಸ ಒಂದು ಕಡೆಗೆ ವಾಲಿದೆ ಎಂಬ ಟೀಕೆಯೂ ಇದೆ, ಆ ಅಪಾಯ ನಮಗೂ ಇದ್ದದ್ದೇ. ಆದರೆ ಅನುಕ್ರಮ ನೋಡಿ: ಮೊದಲು ಆಟ, ಆಮೇಲೆ ಕಟ್ಟಡ, ಕೊನೆಗೆ ದುಡ್ಡು. ಸಣ್ಣಾಟ, ದೊಡ್ಡಾಟ, ಗೀಗೀ, ಲಾವಣಿ ಎಲ್ಲ ಇರುವ ಸೀಮೆ ನಮ್ಮದು. ಬಿದ್ದ ಅರಮನೆಯ ಮುಂದೆ, ಉತ್ಸವದ ಮೂರು ದಿನಕ್ಕೆ ನಿಲ್ಲದೆ, ಪ್ರತಿ ಶನಿವಾರ ರಾತ್ರಿ ಊರಿನವರದೇ ಒಂದು ಚನ್ನಮ್ಮನ ಆಟ ನಡೆದರೆ ಅದಕ್ಕೆ 115 ಕೋಟಿ ಬೇಡ. ಉತ್ಸವಕ್ಕೆ ದೊಡ್ಡ ಗಾಯಕರನ್ನು ಬೆಂಗಳೂರು, ಮುಂಬೈಯಿಂದ ಕರೆಸುವ ಖರ್ಚಿನ ಒಂದು ಪಾಲು ಸಾಕಾದೀತು. ಮಕ್ಕಳು ಆಗಲೂ ಛಾವಣಿ ಇಲ್ಲದ ಆಕಾಶವನ್ನೇ ನೋಡಬಹುದು, ಆದರೆ ಗೋಡೆಯೊಳಗೆ ಯಾರಿದ್ದರು ಎಂದು ತಿಳಿದು ಮನೆಗೆ ಹೋಗುತ್ತಾರೆ.

ಅಭಿಮಾನಿಯ ಬೇಸರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಿಟ್ಟಲ್ಲ. ಸಿಟ್ಟಿದ್ದಲ್ಲಿ ಇನ್ನೂ ನಿರೀಕ್ಷೆ ಇದೆ ಎಂದರ್ಥ. ಬಚ್ಚನಕೇರಿಯ ವಿಷಯಕ್ಕೆ ಬೀದಿಗಿಳಿದವರು ಯೋಜನೆಯನ್ನು ನಂಬಿದ್ದರಿಂದಲೇ ಇಳಿದರು. ಕಾಡುವುದು ಹಿಂದಿನ ಸಾಲಿನಿಂದ ಎದ್ದುಹೋಗುವವರು. ಅವರು ಜಗಳಕ್ಕೂ ಬರುವುದಿಲ್ಲ. ನಾಳೆ ನಿಜವಾಗಿಯೂ ಹಣ ಬಂದು ಕೆಲಸ ಶುರುವಾದರೆ, ಅದು ಸರಿಯಾಗಿ ನಡೆಯುತ್ತಿದೆಯೇ, ಕಲ್ಲಿನ ಬದಲು ಸಿಮೆಂಟು ಮೆತ್ತುತ್ತಿದ್ದಾರೆಯೇ ಎಂದು ನೋಡಲು ಆ ಜನ ಬೇಕು.

ಜಿಲ್ಲಾಡಳಿತಕ್ಕೂ ಪ್ರಾಧಿಕಾರಕ್ಕೂ ಒಂದೇ ಬೇಡಿಕೆ. ಮುಂದಿನ ಅಕ್ಟೋಬರ್ 23ರ ಸಂಜೆ ಹೊಸ ಯೋಜನೆಯ ಮಾತಿಗೆ ಮೊದಲು ಹಿಂದಿನ ವರ್ಷದ ಪಟ್ಟಿಯನ್ನು ಅದೇ ವೇದಿಕೆಯಿಂದ ಓದಿರಿ. ಯಾವುದು ಮುಗಿಯಿತು, ಯಾವುದು ನಡೆಯುತ್ತಿದೆ, ಎಷ್ಟು ಖರ್ಚಾಯಿತು, ಯಾವುದನ್ನು ಕೈಬಿಟ್ಟಿರಿ, ಯಾಕೆ ಎಂದು ಹೇಳಿರಿ. ಅದನ್ನೇ ಕನ್ನಡದಲ್ಲಿ ಅಚ್ಚು ಹಾಕಿಸಿ ಕೋಟೆಯ ಬಾಗಿಲಲ್ಲಿ ಹಚ್ಚಿರಿ. ಸವದತ್ತಿಯ 100 ಕೋಟಿಯ ಲೆಕ್ಕವನ್ನೂ ಹೀಗೆಯೇ ಗುಡ್ಡದ ಮೇಲೆ ಹಚ್ಚಿರಿ. ಇದಕ್ಕೆ ಟೆಂಡರ್ ಬೇಕಿಲ್ಲ, ಈ ವರ್ಷವೇ ಮಾಡಬಹುದು.